ತಡವಾಗಿ ಬರುವ ಬೆರಳು

ಯಾರೂ ಮುಟ್ಟದೆ ಪಿಯಾನೋದ ಕೀಗಳು ತಮ್ಮಷ್ಟಕ್ಕೆ ತಗ್ಗಿ ಏಳತೊಡಗಿದಾಗ ಅನುಸೂಯಮ್ಮನ ಮೈ ಜುಮ್ಮೆಂದಿತು. ವೈಟ್‌ಫೀಲ್ಡಿನ ಆ ಹೆಂಚಿನ ಮನೆಯ ಹಜಾರವೆಲ್ಲ ಸ್ವರದಿಂದ ತುಂಬಿಹೋಯಿತು. ಪೀಣ್ಯದಿಂದ ಟೆಂಪೋದಲ್ಲಿ ತಂದ ಕಂಪ್ಯೂಟರು ಮೂಲೆಯ ಮೇಜಿನ ಮೇಲಿತ್ತು. ಅದರ ಅಪ್ಪಣೆಯಂತೆ ಕೀಗಳ ಮೇಲೆ ಜೋಡಿಸಿದ ಪುಟ್ಟ ಪುಟ್ಟ ಸುತ್ತಿಗೆಗಳು ಕುಣಿಯುತ್ತಿದ್ದವು. “ಸಕ್ಕತ್ತಾಗಿದೆ ಅಲ್ವೇನಮ್ಮಾ!” ಎಂದರು ಅವಳು ಕೆಲಸಕ್ಕಿದ್ದ ಕಾರ್ಖಾನೆಯ ಯಜಮಾನ ವೆಂಕಟೇಶಪ್ಪ.

ಹಾಡು ಮುಗಿಯಿತು. ಪಿಯಾನೋದ ಉದ್ದನೆಯ ಬೆಂಚಿನ ನಡುವೆ ಕೂತಿದ್ದ ಮನೆಯೊಡತಿ ಮರಿಯಮ್ಮ ಮೆಲ್ಲಗೆ ತಲೆಯಲ್ಲಾಡಿಸಿದರು. “ಚೆನ್ನಾಗೈತೆ ಸಾರ್. ಆದ್ರೆ ಇದು ನಮ್ಮನೆಯವ್ರು ಬಾರ್ಸಿದ್ದಲ್ಲ.”

ವೆಂಕಟೇಶಪ್ಪನವರ ಮುಖ ಸಪ್ಪಗಾಯಿತು. ತೂತು ಕೊರೆದ ಕಾಗದದ ಸುರುಳಿ ಹಾಕಿ ಕಾಲಲ್ಲಿ ತುಳಿದರೆ ತಾನೇ ಹಾಡುವ ಪಿಯಾನೋ ಅದು. ಬಂಗಲೆಗಳ ಪಿಯಾನೋ ರಿಪೇರಿ ಮಾಡುತ್ತಿದ್ದ ಮರಿಯಮ್ಮನ ಗಂಡ ಚಿನ್ನಪ್ಪ, ಕೀಗಳಿಗೆ ಪೆನ್ಸಿಲ್ ಕಟ್ಟಿ, ತಾನು ನುಡಿಸಿದ್ದು ಕಾಗದದ ಮೇಲೆ ಗೆರೆಯಾಗಿ ಮೂಡುವಂತೆ ಮಾಡಿ, ಗೆರೆಗಳನ್ನೆಲ್ಲ ಬ್ಲೇಡಿನಲ್ಲಿ ಕೊರೆದು ಒಂದೇ ಒಂದು ಸುರುಳಿ ಮಾಡಿಟ್ಟಿದ್ದ. ಅವನು ಹೋಗಿ ಇಪ್ಪತ್ತು ವರ್ಷ, ಸುರುಳಿ ಒಣಗಿ ಹಪ್ಪಳವಾಗಿತ್ತು. ಪೀಣ್ಯದ ಯಂತ್ರಗಳೂ ತೂತಿನ ಟೇಪು ಓದಿಯೇ ಕಬ್ಬಿಣ ಕೊರೆಯುತ್ತವಲ್ಲ, ಹಾಗಾಗಿ ಮರಿಯಮ್ಮ ಕೇಳಿಕೊಂಡಾಗ ವೆಂಕಟೇಶಪ್ಪ ಧೈರ್ಯ ಮಾಡಿ ಸುರುಳಿಯನ್ನು ದೀಪದ ಕೆಳಗೆ ಹಾಯಿಸಿ ಪ್ರತಿ ತೂತನ್ನೂ ಕಂಪ್ಯೂಟರಿಗೆ ಓದಿಸಿದ್ದರು. ಆ ಒಂದು ಓಟಕ್ಕೇ ಕಾಗದ ಪುಡಿಯಾಗಿತ್ತು. ಚಿನ್ನಪ್ಪ ನುಡಿಸಿದ್ದರಲ್ಲಿ ಈಗ ಉಳಿದದ್ದು ಕಂಪ್ಯೂಟರಿನ ಒಂದು ಫ್ಲಾಪಿ ಮಾತ್ರ.

“ಒಂದು ತೂತೂ ಬಿಟ್ಟಿಲ್ಲಮ್ಮ,” ಎಂದರು ವೆಂಕಟೇಶಪ್ಪ.

“ಹಾಡೇನೋ ಅದೇಯ. ಬೆರಳಿಲ್ಲ ಅಷ್ಟೇ. ಪಿಯಾನೋ ಇಳಿಸೋವಾಗ ಅವ್ರ ಉಂಗುರದ ಬೆರಳು ಜಜ್ಜೋಗಿತ್ತು. ಎಲ್ಲಾ ಬೆರಳೂ ಬಂದ್ಮೇಲೆ ಅದು ಕುಂಟ್ಕೊಂಡು ಬರೋದು.”

ಅನುಸೂಯಮ್ಮ ಥಟ್ಟನೆ ಕಂಪ್ಯೂಟರಿನತ್ತ ತಿರುಗಿದಳು. ಹನ್ನೆರಡು ವರ್ಷದಿಂದ ಅವಳು ಯಂತ್ರಗಳಿಗೆ ಟೇಪು ಹೊಡೆಯುವವಳು. ಒಂದು ತೂತು ಆಚೀಚೆಯಾದರೆ ಮಾಲು ಗುಜರಿಗೆ. ಸುರುಳಿ ಓದಿಸಿದ ದಿನ ಅದರ ಪರದೆಯ ಮೇಲೆ ಸಾಲು ತಪ್ಪಿ ನಿಂತ ಹದಿನೇಳು ತೂತು ಕಂಡಾಗ, ಯಾರೂ ಹೇಳದಿದ್ದರೂ, ಒಂದೊಂದನ್ನೂ ಸಾಲಿಗೆ ಎಳೆದು ನಿಲ್ಲಿಸಿ ಒಳಗೊಳಗೇ ಬೀಗಿದ್ದಳು.

“ಅಯ್ಯೋ ಸಾರ್, ನಾನೇ ತಿದ್ಬಿಟ್ಟೆ! ತಪ್ಪು ಅಂದ್ಕೊಂಡೆ. ಹಳೇದ್ರ ಮೇಲೇ ಬರ್ದ್ಬಿಟ್ಟೆ, ಅದು ಅಳಿಸೋಯ್ತು.”

“ಗಣಪತಿ ಮಾಡಕ್ಕೋಗಿ ಅವರಪ್ಪನ್ನ ಮಾಡ್ದಂಗಾಯ್ತಲ್ಲಮ್ಮ!” ವೆಂಕಟೇಶಪ್ಪ ತಲೆಯ ಮೇಲೆ ಕೈಹೊತ್ತರು. ಆಗ ಅನುಸೂಯಮ್ಮನಿಗೆ ನೆನಪಾಯಿತು. ಅವಳ ಕೆಲಸದಲ್ಲಿ ಒಂದು ಕಟ್ಟುಪಾಡಿತ್ತು: ಯಾವ ತೂತು ಸರಿಸಿದರೂ ಎಲ್ಲಿಂದ ಎಲ್ಲಿಗೆ ಎಂದು ಪುಸ್ತಕದಲ್ಲಿ ಬರೆದಿಡಬೇಕು. ಬ್ಯಾಗು ತಡಕಿ ನೋಟುಪುಸ್ತಕ ತೆಗೆದಳು. ಹದಿನೇಳು ಸಾಲು, ಅವಳದೇ ಗುಂಡು ಅಕ್ಷರದಲ್ಲಿ. ಕಂಪ್ಯೂಟರಿನ ಮುಂದೆ ಕೂತು ಒಂದೊಂದು ತಪ್ಪನ್ನೂ ಅದರದರ ಜಾಗಕ್ಕೆ ವಾಪಸು ಕೂರಿಸಿದಳು.

ಮತ್ತೆ ಹಾಡು ಮೊದಲಾಯಿತು. ಎರಡನೆಯ ಸಾಲಿನ ಕೊನೆಯಲ್ಲಿ ಎಲ್ಲ ಕೀಗಳೂ ಒಟ್ಟಿಗೆ ತಗ್ಗಿದವು. ಒಂದು ಮಾತ್ರ ನಿಂತಿತು. ನಿಂತು, ನೋಯುವ ಕಾಲನ್ನು ಹೊಸಿಲು ದಾಟಿಸುವವರಂತೆ, ನಿಧಾನವಾಗಿ ಇಳಿಯಿತು. ತಾನೆಂದೂ ಕಾಣದ, ಮಣ್ಣು ಸೇರಿ ಇಪ್ಪತ್ತು ವರ್ಷವಾದ ಮನುಷ್ಯನ ಬೆರಳಿನ ನೋವು ಅನುಸೂಯಮ್ಮನ ಕಣ್ಣೆದುರೇ ಓಡಾಡುತ್ತಿತ್ತು. ಕೈ ಮುಗಿಯಬೇಕೆನಿಸಿತು.

ಮರಿಯಮ್ಮ ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಬೆಂಚಿನ ಎಡತುದಿಗೆ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ನಿಂತು ನಿಂತು ಸೋತಿದ್ದ ವೆಂಕಟೇಶಪ್ಪ ಖಾಲಿಯಾದ ಜಾಗದಲ್ಲಿ ಕೂರಲು ಹೋದರು. ಅನುಸೂಯಮ್ಮ ಯಜಮಾನರ ತೋಳನ್ನೇ ಹಿಡಿದೆಳೆದಳು.

“ಅಲ್ಲಿ ಕೂರ್ಬೇಡಿ ಸಾರ್.”