ಗೋಡೆಗೆ ಹೇಳಿದ ಪಾಠ

ಅರ್ಧ ಆಟ ಮುಗಿದ ಸೀಟಿ ಊದಿದ್ದೇ ತಡ, ಉಳಿದ ಆಟಗಾರ್ತಿಯರೆಲ್ಲ ನೀರಿನ ಬಾಟಲಿಗಳತ್ತ ಓಡಿದರೆ ಇವಳೊಬ್ಬಳು ಹಾಕಿ ಸ್ಟಿಕ್ಕನ್ನು ಬೆಂಚಿನ ಮೇಲೆ ಎಸೆದು ಬಟ್ಟೆ ಬದಲಿಸುವ ಕೋಣೆಗೆ ಓಡಿದಳು. ಅಲ್ಲಿ ಅವಳ ಆರು ತಿಂಗಳ ಮಗಳು ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಿದ್ದಳು.

"ಬಂದ್ಲು ನೋಡು ನಿಮ್ಮಮ್ಮ," ಎಂದು ಅತ್ತೆ ಮಗುವನ್ನು ಅವಳ ಮಡಿಲಿಗೆ ಹಾಕಿದರು. "ಮೊದಲು ಬೆವರು ಒರೆಸ್ಕೋ. ಮಗೂಗೆ ಉಪ್ಪುಪ್ಪು ಹಾಲು ಕುಡಿಸ್ತೀಯಾ?"

ಎಂಟು ವರ್ಷ ದೇಶದ ತಂಡದಲ್ಲಿ ಆಡಿದವಳು. ಅವಳನ್ನು ದಾಟಿ ಚೆಂಡು ಹೋಗುವುದೇ ಅಪರೂಪ ಎಂದು ಜೊತೆಯವರೆಲ್ಲ ಅವಳನ್ನು 'ಗೋಡೆ' ಎಂದೇ ಕರೆಯುತ್ತಿದ್ದರು. ಹೆರಿಗೆಯಾದ ಮೇಲೆ ಇದು ಮೊದಲ ಆಯ್ಕೆ ಪಂದ್ಯ. ಇಲ್ಲಿ ಎಡವಿದರೆ ವಿಶ್ವಕಪ್ಪನ್ನು ಟಿವಿಯಲ್ಲೇ ನೋಡಬೇಕು. ಎದುರು ತಂಡದ ಮುಂಚೂಣಿಯಲ್ಲಿದ್ದ ಚಿಗರೆಯಂಥ ಹುಡುಗಿಯೊಬ್ಬಳು ಆಗಲೇ ಎರಡು ಸಲ ಅವಳನ್ನು ಹಿಂದೆ ಹಾಕಿ ಗೋಲು ಹೊಡೆದಿದ್ದಳು.

"ಕಾಲು ಮೊದಲಿನ ಹಾಗೆ ಓಡ್ತಿಲ್ಲ ಅತ್ತೆ." ಅವಳ ಕಣ್ಣು ತುಂಬಿತು.

"ಓಡದಿದ್ರೆ ಬಿಡು, ಅಳಬೇಡ. ಒಂದು ಮಗು ಅತ್ತಿದ್ದೇ ಸಾಕಾಗಿದೆ ನನಗೆ."

ಬಾಗಿಲು ಬಡಿದ ಸದ್ದು. "ಗೋಡೆ, ಎಲ್ಲಿದೀಯಾ? ಎಲ್ರಿಗೂ ಹೇಳಿ ಆಯ್ತು, ನೀನೊಬ್ಬಳು ಬಾಕಿ!" ಕೋಚ್ ಕೂಗಿದರು.

"ಒಳಗೆ ಬನ್ನಿ ಸಾರ್. ಆದ್ರೆ ಆ ಕಡೆ ಮುಖ ಮಾಡ್ಕೊಂಡು ನಿಂತ್ಕೊಳ್ಳಿ," ಎಂದರು ಅತ್ತೆ.

ಅದು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರ ದನಿ. ಅದಕ್ಕೆ ಎದುರು ಮಾತಾಡಿದ ಪ್ರಯಾಣಿಕರೇ ಇರಲಿಲ್ಲ. ಆಟಗಾರ್ತಿಯರನ್ನೆಲ್ಲ ಗಡಗಡ ನಡುಗಿಸುವ ಕೋಚ್, ಶಿಕ್ಷೆಗೊಳಗಾದ ಶಾಲಾ ಹುಡುಗನಂತೆ ಮೂಲೆಯಲ್ಲಿ ಗೋಡೆಗೆ ಮೂಗು ತಾಗಿಸಿ ನಿಂತು, ಸುಣ್ಣದ ಮೇಲೆ ಬೆರಳಿನಿಂದ ಗೆರೆ ಎಳೆಯತೊಡಗಿದರು. "ಆ ಹುಡುಗಿ ಹಿಂದೆ ಓಡಬೇಡ. ಎಡಕ್ಕೆ ತಿರುಗೋ ಮುಂಚೆ ಭುಜ ಬಗ್ಗಿಸ್ತಾಳೆ. ಭುಜ ಬಗ್ಗಿತೋ, ಅವಳು ಬರೋ ದಾರೀಲಿ ನೀನು ಮೊದಲೇ ನಿಂತಿರಬೇಕು. ಅರ್ಥ ಆಯ್ತಾ?"

ಮಗು ಜೋರಾಗಿ ತೇಗಿತು.

"ಮಗಳಿಗೆ ಆಯ್ತಂತೆ," ಎಂದರು ಅತ್ತೆ. ಅವಳು ಕಣ್ಣೊರೆಸಿಕೊಂಡು ನಕ್ಕಳು. ಕೋಚ್ ತಿರುಗಲಿಲ್ಲ, ನಗುವಿಗೆ ಅವರ ಬೆನ್ನು ಕುಲುಕುತ್ತಿತ್ತು.

ಆಟ ಮತ್ತೆ ಶುರುವಾಯಿತು. ಆ ಹುಡುಗಿ ಚೆಂಡು ತಳ್ಳಿಕೊಂಡು ನುಗ್ಗಿ ಬಂದಳು. ಭುಜ ಬಗ್ಗಿತು. ಗೋಡೆ ಓಡಲಿಲ್ಲ. ಪಕ್ಕಕ್ಕೆ ಸರಿದು, ಸ್ಟಿಕ್ಕನ್ನು ನೆಲಕ್ಕೆ ಒರಗಿಸಿ ಕಾದಳು. ಚೆಂಡು ತಾನಾಗಿ ಬಂದು ಟಕ್ ಎಂದು ಅದಕ್ಕೆ ಬಡಿಯಿತು. ಆ ಕಂಪನ ಅಂಗೈಯಿಂದ ತೋಳಿಗೆ ಏರಿದಾಗ ಅವಳ ಮೈ ಜುಮ್ಮೆಂದಿತು. ಒಂದು ವರ್ಷದಿಂದ ಕಾಯುತ್ತಿದ್ದದ್ದು ಇದನ್ನೇ.

"ಹೋಲ್ಡಾನ್!" ಎಂದು ಅಂಗಳದಾಚೆಯಿಂದ ಅತ್ತೆ ಕೂಗಿದರು. ಅವಳು ಚೆಂಡನ್ನು ಮುಂದಕ್ಕೆ ಹೊಡೆದಳು. "ರೈಟ್, ರೈಟ್!"

ಅಲ್ಲಿಂದ ಮುಂದೆ ಆ ಹುಡುಗಿಗೆ ದಾರಿಯೇ ಸಿಗಲಿಲ್ಲ. ಕೊನೆಗೆ ಏದುಸಿರು ಬಿಡುತ್ತ ನಿಂತು, "ಅಕ್ಕಾ, ನಾನು ಎಲ್ಲಿಗೆ ಬರ್ತೀನಿ ಅಂತ ನನಗಿಂತ ಮೊದಲೇ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ನಕ್ಕುಬಿಟ್ಟಳು.

ಸಂಜೆ ಆಯ್ಕೆಯಾದವರ ಹೆಸರು ಕೂಗುವಾಗ ಕೋಚ್ ಮೊದಲು ಹೇಳಿದ್ದೇ ಗೋಡೆಯ ಹೆಸರನ್ನು. ಅವಳು ಮಗಳನ್ನು ಮೇಲಕ್ಕೆ ಎಸೆದು ಹಿಡಿದಳು. ಆಮೇಲೆ ಕೋಚ್ ಅವಳ ಬಳಿಗೆ ಬಂದು ತಲೆ ಕೆರೆದುಕೊಂಡರು. "ಶಿಬಿರ, ಆಮೇಲೆ ವಿದೇಶ. ಮಗೂನ ನೋಡ್ಕೊಳ್ಳೋರು ಯಾರು?"

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ನಾನೂ ಹೊರಟೆ. ಪಾಸ್‌ಪೋರ್ಟ್ ಆಗಲೇ ಮಾಡಿಸಿದೀನಿ."

"ಮತ್ತೆ ಮನೇಲಿ ನಿಮ್ಮ ಮಗ ಒಬ್ಬರೇ?"

"ಅವನಿಗೆ ಹಾಲು ಬಿಡಿಸಿ ಬಹಳ ವರ್ಷ ಆಯ್ತು ಸಾರ್."