ಸಂಭ್ರಮಿಸದ ಗೋಲು

ಫುಟ್‌ಬಾಲ್‌ನಲ್ಲಿ ತನ್ನ ಹಳೆಯ ತಂಡದ ವಿರುದ್ಧ ಗೋಲು ಹೊಡೆದವನು ಸಂಭ್ರಮಿಸುವುದಿಲ್ಲ. ಉಂಡ ಮನೆಗೆ ತೋರುವ ಮರ್ಯಾದೆ ಅದು.

ನಮ್ಮ ಸ್ಟ್ರೈಕರ್, ಒಮಾನ್, ಮಾಲ್ಡೀವ್ಸ್, ಥಾಯ್ಲೆಂಡ್ ಎಲ್ಲ ಕಡೆ ಆಡಿ ಬಂದವನು. ಇವತ್ತು ಗೆಲುವಿನ ಗೋಲು ಹೊಡೆದು, ಕುಣಿಯದೆ, ಎದುರಾಳಿಗಳ ಗ್ಯಾಲರಿಗೆ ಕೈ ಮುಗಿದು ನಿಂತುಬಿಟ್ಟ. ಕೋಚ್ ಆದ ನನಗೆ ಅನುಮಾನ ಹತ್ತಿತು. ಪಂದ್ಯ ಮುಗಿದದ್ದೇ ಅವನ ಹಳೆಯ ತಂಡಗಳ ಪಟ್ಟಿ ಹಿಡಿದು ಡ್ರೆಸ್ಸಿಂಗ್ ರೂಮಿಗೆ ನುಗ್ಗಿದೆ.

"ಹನ್ನೊಂದು ತಂಡ ಇದೆ ಇದ್ರಲ್ಲಿ. ಇವತ್ತು ಎದುರು ಆಡಿದವ್ರ ಹೆಸರು ಎಲ್ಲಯ್ಯಾ?"

"ಇಲ್ಲ ಸರ್. ಅಲ್ಲಿ ಯಾವತ್ತೂ ಆಡಿಲ್ಲ."

"ಮತ್ತೆ ಕೈ ಯಾಕ್ ಮುಗ್ದೆ? ಮ್ಯಾಚ್ ಬಿಟ್ಟುಕೊಡು ಅಂದಿದ್ರಾ?"

"ಹಾಗಿದ್ರೆ ಗೋಲ್ ಯಾಕ್ ಹೊಡೀತಿದ್ದೆ?"

"ನೆಂಟರಿದಾರಾ ಆ ಊರಲ್ಲಿ?"

"ಯಾರೂ ಇಲ್ಲ."

"ಬಾಯಿ ಬಿಡಯ್ಯಾ!"

ಅವನು ಬೂಟಿನ ಲೇಸು ಬಿಚ್ಚುತ್ತಾ, ತಲೆ ಎತ್ತದೆ ಹೇಳಿದ:

"ಮುಂದಿನ ಸೀಸನ್‌ಗೆ ಅಲ್ಲಿಗೇ ಸೈನ್ ಮಾಡಿದೀನಿ ಸರ್."