ಕೊಕ್ಕೆಯಲ್ಲಿ ಉಳಿದ ಬಿಲ್ಲೆ

ಮೀನಿಗೆ ಮನೆಯಾಗಲಿ ಎಂದು ಬೇಕೆಂದೇ ಕಡಲಲ್ಲಿ ಮುಳುಗಿಸಿದ ಹಳೇ ಹಡಗು ಅದು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಜೊತೆಗೆ ಇಳಿದಿದ್ದ ಹೆಂಡತಿ ಅದರ ಎಂಜಿನ್ ಕೋಣೆಯೊಳಗೆ ಈಜಿ ಹೋಗುವುದನ್ನೇ ಕಾದಿದ್ದ ಆತ, ಹೊರಗಿನಿಂದ ಕಬ್ಬಿಣದ ಬಾಗಿಲು ನೂಕಿ ಚಿಲಕ ಹಾಕಿದ. ಒಳಗಿನಿಂದ ಬಾಗಿಲು ಬಡಿಯುವ ಸದ್ದು ಸ್ವಲ್ಪ ಹೊತ್ತು ಕೇಳಿಸಿ ನಿಂತಿತು. ಯಾರಿಗೂ ಸಂಶಯ ಬಾರದಿರಲೆಂದು ಹಡಗಿನ ಸುತ್ತ ಒಮ್ಮೆ ಈಜಿ, ನಿಧಾನವಾಗಿ ಮೇಲೆ ಬಂದು, ತಮ್ಮನ್ನು ಕರೆತಂದಿದ್ದ ಬೋಟು ಹತ್ತಿದ.

ಬೋಟಿನಲ್ಲಿ ಒಂದು ಪದ್ಧತಿಯಿತ್ತು. ನೀರಿಗಿಳಿಯುವವರು ತಮ್ಮ ಹಿತ್ತಾಳೆ ಬಿಲ್ಲೆಯನ್ನು ಕೊಕ್ಕೆಗೆ ಹಾಕಿ ಇಳಿಯಬೇಕು, ವಾಪಸು ಹತ್ತಿದ ಮೇಲೆ ತೆಗೆದುಕೊಳ್ಳಬೇಕು. ಕೊಕ್ಕೆ ಖಾಲಿಯಾಗದೆ ಬೋಟು ಕದಲುವಂತಿಲ್ಲ. ಬೋಟಿನ ತುಂಬ ಜನ. ಉಳಿದಿದ್ದ ಎರಡೂ ಬಿಲ್ಲೆಗಳನ್ನು, ತನ್ನದನ್ನೂ ಹೆಂಡತಿಯದನ್ನೂ, ಆತ ಮೆಲ್ಲಗೆ ಮುಷ್ಟಿಯೊಳಗೆ ಸೇರಿಸಿಕೊಂಡ.

“ಅಮ್ಮ ಎಲ್ಲಿ ಸರ್?” ಬೋಟು ನಡೆಸುವ ತಾಂಡೇಲ ಕೇಳಿದ.

“ಕೆಳಗೆ ಕ್ಯಾಬಿನ್ನಿನಲ್ಲಿ ಮಲಗಿದ್ದಾಳೆ. ತಲೆ ಸುತ್ತುತ್ತಿದೆಯಂತೆ. ನೀವು ಬೋಟು ಬಿಡಿ.”

ತಾಂಡೇಲ ಖಾಲಿ ಕೊಕ್ಕೆ ನೋಡಿದ, ಆತನ ಮುಷ್ಟಿ ನೋಡಿದ. ಎಂಜಿನ್ ಶುರು ಮಾಡಲಿಲ್ಲ.

“ಈ ಹಡಗು ಮುಳುಗಿಸೋವಾಗ ನಾನೂ ಕೆಲಸಕ್ಕಿದ್ದೆ ಸರ್. ಮೀನು ಓಡಾಡ್ಲಿ ಅಂತ ಒಂದೊಂದು ಕೋಣೆಗೂ ಆಳು ನುಸುಳುವಷ್ಟು ದೊಡ್ಡ ಕಂಡಿ ಕೊರೆದಿದ್ವಿ.”

ಆತ ಮುಷ್ಟಿಯನ್ನು ಬೆನ್ನ ಹಿಂದೆ ಸರಿಸಿದ. “ಅದನ್ನ ನನಗ್ಯಾಕೆ ಹೇಳ್ತೀರಿ?”

“ಅಮ್ಮ ಮಲಗಿರೋದು ನಿಜ ಸರ್. ನಿಮಗಿಂತ ಮೊದಲೇ ಹತ್ತಿದ್ರು. ಬಿಲ್ಲೆ ಮಾತ್ರ ಮುಟ್ಟಲಿಲ್ಲ. ಅದನ್ನ ಯಾರು ತೆಗೀತಾರೆ ನೋಡ್ತಾ ಇರಿ ಅಂದ್ರು.”